ಅಕ್ಟೋಬರಿಗೆ ಜರ್ಮನಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ನಾತಕೋತ್ತರ ಓದಿಗೆಂದು ಜರ್ಮನಿಗೆ ಹೊರಟವರು, ಅವರನ್ನು ಕಳಿಸಿಕೊಡುವ ತಂದೆತಾಯಿಯರು, ಆಗಲೇ ಅಲ್ಲಿಗೆ ಹೋಗಿ ಮೊದಲ ಚಳಿಗೆ ಸಿಕ್ಕಿಕೊಂಡವರು – ಮೂರೂ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಇಲ್ಲಿರುವ ಶುಲ್ಕ, ದರಗಳು 2026ರ ಆರಂಭದಲ್ಲಿ ಇದ್ದಂತೆ.

ಪ್ರಶ್ನೆ: ಬಿ.ಇ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಸಿಜಿಪಿಎ 8.2. ವಿಶ್ವವಿದ್ಯಾಲಯಗಳು ‘2.5 ಅಥವಾ ಅದಕ್ಕಿಂತ ಉತ್ತಮ’ ಎಂದು ಕೇಳುತ್ತವೆ. ನನ್ನದು ಎಷ್ಟಾಗುತ್ತದೆ? ಎಪಿಎಸ್ ಯಾವಾಗ ಮಾಡಿಸಬೇಕು?
– ವಿದ್ಯಾರ್ಥಿನಿ, ಹಾಸನ

ಜರ್ಮನಿಯಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಬರೀ ಪಾಸು. ಲೆಕ್ಕ ಹಾಕುವ ಬಗೆಗೆ ಬವೇರಿಯನ್ ಸೂತ್ರ ಎನ್ನುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಕನಿಷ್ಠ ಪಾಸಿಗೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಕನಿಷ್ಠ 4 ಎಂದು ಹಿಡಿದರೆ ನಿಮ್ಮ 8.2 ಅಂದರೆ 1.9. ಕನಿಷ್ಠ 5 ಎಂದು ಹಿಡಿದರೆ ಅದೇ 8.2 ಸುಮಾರು 2.1 ಆಗುತ್ತದೆ. ಹೀಗೆ ಪಾಸಿನ ಗೆರೆ ಎಲ್ಲಿದೆ ಎನ್ನುವುದರ ಮೇಲೆ ನಿಮ್ಮ ಭವಿಷ್ಯ ಸ್ವಲ್ಪ ಅಲ್ಲಾಡುತ್ತದೆ. ಆದ್ದರಿಂದ ನಿಮ್ಮ ಸ್ಕೀಮಿನ ಕನಿಷ್ಠ ಪಾಸು ಎಷ್ಟು ಎಂದು ಅಂಕಪಟ್ಟಿಯ ಹಿಂಬದಿಯಲ್ಲೋ ಟ್ರಾನ್ಸ್‌ಕ್ರಿಪ್ಟಿನಲ್ಲೋ ಅಚ್ಚಾಗಿರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಅವರು ತಮಗೆ ತೋಚಿದ್ದನ್ನು ಹಿಡಿಯುತ್ತಾರೆ.

ಎಪಿಎಸ್ ಎಂದರೆ ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ದೆಹಲಿಯ ಕಚೇರಿ ಕೊಡುವ ಪ್ರಮಾಣಪತ್ರ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಅದು ಕಡ್ಡಾಯ. ಶುಲ್ಕ 18,000 ರೂಪಾಯಿ. ಬಹಳಷ್ಟು ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯ ಜೊತೆಗೇ ಅದನ್ನು ಕೇಳುತ್ತವೆ. ಹಾಗಾಗಿ ವೀಸಾ ಹೊತ್ತಿಗೆ ಮಾಡಿಸಿದರಾಯಿತು ಎನ್ನುವ ಹಳೆಯ ಸಲಹೆ ಕೆಲಸಕ್ಕೆ ಬರುವುದಿಲ್ಲ. ಅರ್ಜಿಗಳನ್ನು ವಿಶ್ವವಿದ್ಯಾಲಯಗಳ ಪರವಾಗಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹಾಕುವುದಾದರೆ ಮೊದಲನೆಯದಕ್ಕೆ 75 ಯೂರೊ, ಅದೇ ಸೆಮಿಸ್ಟರಿನ ಉಳಿದ ಪ್ರತಿಯೊಂದಕ್ಕೂ 30. ಕೆಲವು ವಿಶ್ವವಿದ್ಯಾಲಯಗಳಿಗೆ ಯೂನಿ-ಅಸಿಸ್ಟ್‌ನಿಂದ ‘ವಿಪಿಡಿ’ ಎಂಬ ಅಂಕ ಪರಿವರ್ತನೆಯ ಪತ್ರ ಮಾತ್ರ ಪಡೆದು, ಅರ್ಜಿಯನ್ನು ನೇರವಾಗಿ ಹಾಕಬೇಕು. ಆ ಪತ್ರಕ್ಕೇ ನಾಲ್ಕಾರು ವಾರ ಹಿಡಿಯುತ್ತದೆ. ಜುಲೈ 15ರ ಗಡುವಿಗೆ ಜುಲೈ 1ಕ್ಕೆ ಕೂತರೆ ಗಡುವು ತಪ್ಪಿದಂತೆಯೇ.

ಪ್ರಶ್ನೆ: ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಎಚ್.’ ಎಂಬ ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರಿದೆ. ತೊಂದರೆಯಾಗುತ್ತದೆಯೇ?
– ಓದುಗ, ಚಿತ್ರದುರ್ಗ

ನಮ್ಮ ಕಡೆಯ ಅರ್ಧ ಜನರ ಕಥೆ ಇದು. ‘ಇಬ್ಬರೂ ಒಬ್ಬನೇ’ ಎಂದು ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಬೇರೆ. ವಿಶ್ವವಿದ್ಯಾಲಯದ ಪೋರ್ಟಲ್, ವೀಸಾಕ್ಕಾಗಿ ಖರ್ಚಿನ ಹಣ ಇಡುವ ಬ್ಲಾಕ್ಡ್ ಅಕೌಂಟ್, ಆರೋಗ್ಯ ವಿಮೆ, ವಿಮಾನ ಟಿಕೆಟ್ ಎಲ್ಲದರಲ್ಲೂ ಪಾಸ್‌ಪೋರ್ಟಿನ ಕಾಗುಣಿತವನ್ನೇ, ಅದೇ ಅನುಕ್ರಮದಲ್ಲಿ ಬರೆಯಿರಿ. ಒಂದರಲ್ಲಿ ತಂದೆಯ ಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ ಬಂದರೆ ವಿಮೆ ಕಂಪನಿ ಕಳಿಸಿದ ದಾಖಲೆ ವಿಶ್ವವಿದ್ಯಾಲಯದ ಕಡತಕ್ಕೆ ಹೊಂದಿಕೊಳ್ಳದೆ ನಡುವೆಯೇ ನಿಲ್ಲುತ್ತದೆ. ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಜಾಗ ಖಾಲಿ ಇರುವವರು ಅದನ್ನು ತುಂಬಿಸಿಕೊಳ್ಳುವುದಾದರೆ ಎಪಿಎಸ್‌ಗೆ ಹಾಕುವ ಮೊದಲೇ ತುಂಬಿಸಿಕೊಳ್ಳಲಿ. ಆಮೇಲೆ ತಿದ್ದಿಸಿದರೆ ಪಾಸ್‌ಪೋರ್ಟ್ ಸಂಖ್ಯೆಯೂ ಬದಲಾಗಿ ಎಲ್ಲ ಕಡೆ ಮತ್ತೆ ವಿವರಿಸಬೇಕಾಗುತ್ತದೆ.

ಪ್ರಶ್ನೆ: ಮಗನ ಹೆಸರಿನಲ್ಲಿ ಬ್ಲಾಕ್ಡ್ ಅಕೌಂಟಿಗೆ ದುಡ್ಡು ಹಾಕಬೇಕಂತೆ. ಬ್ಯಾಂಕಿನ ಸಾಲದ ಮಂಜೂರಾತಿ ಪತ್ರ ತೋರಿಸಿದರೆ ಸಾಲದೇ? ಓದು ಉಚಿತ ಅಂದಮೇಲೆ ಇಷ್ಟು ಹಣ ಯಾಕೆ?
– ತಂದೆ, ದಾವಣಗೆರೆ

ಓದು ಬಹುಪಾಲು ಉಚಿತ, ಬದುಕು ಉಚಿತವಲ್ಲ. ಬ್ಲಾಕ್ಡ್ ಅಕೌಂಟಿನ ಹಣ ಫೀಸಲ್ಲ, ನಿಮ್ಮ ಮಗನ ಊಟ ಮತ್ತು ಬಾಡಿಗೆಯದು. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಯೂರೊಗೆ ನೂರೇ ರೂಪಾಯಿ ಎಂದು ಹಿಡಿದರೂ ಸುಮಾರು 12 ಲಕ್ಷ. ಮಂಜೂರಾತಿ ಪತ್ರ ಸಾಲದು. ಸಾಲದ ಹಣವೇ ಆ ಖಾತೆಗೆ ಹೋಗಿ ಸೇರಿರಬೇಕು.

‘ಉಚಿತ’ಕ್ಕೂ ವಿನಾಯಿತಿಗಳಿವೆ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಫೀಸಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಕೋರ್ಸಿನ ಮೇಲೆ 4,000 ಅಥವಾ 6,000 ಯೂರೊ ತೆಗೆದುಕೊಳ್ಳುತ್ತಿದೆ, ಅದೂ ಪ್ರತಿ ಸೆಮಿಸ್ಟರಿಗೆ. ಖಾಸಗಿ ವಿಶ್ವವಿದ್ಯಾಲಯಗಳ ಮಾತೇ ಬೇರೆ. ಕನ್ಸಲ್ಟೆನ್ಸಿಯವರು ಮೊದಲು ತೋರಿಸುವುದು ಅವನ್ನೇ, ಯಾಕೆಂದರೆ ಕಮಿಷನ್ ಸಿಗುವುದು ಅಲ್ಲಿ.

ಹಣ ಕಳಿಸುವಾಗ ಎಡವುವ ಜಾಗ ಒಂದೇ. ನೀವು ಸರಿಯಾಗಿ 11,904 ಕಳಿಸುತ್ತೀರಿ. ಮಧ್ಯದ ಬ್ಯಾಂಕೊಂದು ಹದಿನೈದೋ ಇಪ್ಪತ್ತೋ ಯೂರೊ ಮುರಿದುಕೊಳ್ಳುತ್ತದೆ. ಖಾತೆಗೆ ಸೇರುವುದು 11,885. ಅಷ್ಟಕ್ಕೇ ದೃಢೀಕರಣ ಪತ್ರ ಬರುವುದಿಲ್ಲ, ವೀಸಾ ತಾರೀಖು ಹತ್ತಿರ ಬಂದಿರುತ್ತದೆ. ಬ್ಯಾಂಕಿನಲ್ಲಿ ಎ2 ಫಾರಂ ತುಂಬುವಾಗ ಶುಲ್ಕದ ಸಾಲಿನಲ್ಲಿ ‘ಅವರ್’ ಎಂಬುದನ್ನೇ ಆರಿಸಿ. ಎಲ್ಲ ಖರ್ಚೂ ಕಳಿಸುವವರದು ಎಂದು ಅದರ ಅರ್ಥ. ಮೇಲೆ ಐವತ್ತು ಯೂರೊ ಹೆಚ್ಚಿಗೆ ಹಾಕಿ. ಖಾತೆ ಒದಗಿಸುವ ಕಂಪನಿಯ ಶುಲ್ಕ ಬೇರೆ ಇದ್ದರೆ ಅದನ್ನೂ ಸೇರಿಸಿ. ಉದ್ದೇಶದ ಕೋಡ್ ಎಸ್0305, ವಿದೇಶದಲ್ಲಿ ಶಿಕ್ಷಣ. ಉಲ್ಲೇಖ ಸಂಖ್ಯೆಯ ಜಾಗದಲ್ಲಿ ಕಂಪನಿ ಕೊಟ್ಟ ಸಂಖ್ಯೆಯನ್ನು ಒಂದಕ್ಷರ ತಪ್ಪದೆ ಬರೆಸಿ, ಇಲ್ಲದಿದ್ದರೆ ಹಣ ಯಾರದೆಂದು ತಿಳಿಯದೆ ವಾರಗಟ್ಟಲೆ ಕೊಳೆಯುತ್ತದೆ. ಸಾಲದ ಹಣಕ್ಕೆ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಭಾಗದ ಮೇಲೆ ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಅದು ನಿಮ್ಮ ತೆರಿಗೆಗೆ ಹೊಂದಿಕೆಯಾಗುತ್ತದೆ.

ಮೊದಲ ಕಂತು ಅಲ್ಲಿಳಿದ ದಿನವೇ ಕೈಗೆ ಸಿಗುವುದಿಲ್ಲ. ಅಲ್ಲಿನ ಬ್ಯಾಂಕ್ ಖಾತೆ ತೆರೆದ ಮೇಲೆಯೇ ಬಿಡುಗಡೆ. ಹಾಗಾಗಿ 1,500ರಿಂದ 2,000 ಯೂರೊ ಫಾರೆಕ್ಸ್ ಕಾರ್ಡಿನಲ್ಲಿ, ಇನ್ನೂರು ಮುನ್ನೂರು ನೋಟಿನಲ್ಲಿ ಕೊಟ್ಟು ಕಳಿಸಿ. ಇನ್ನೊಂದು ಮಾತು: 992 ಯೂರೊದಲ್ಲಿ ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಂಥ ಊರಿನಲ್ಲಿ ನೆಮ್ಮದಿಯಾಗಿ ತಿಂಗಳು ಕಳೆಯುತ್ತದೆ. ಮ್ಯೂನಿಕ್‌ನಲ್ಲಿ ಖಾಸಗಿ ಕೋಣೆಯ ಬಾಡಿಗೆಯೇ 700 ದಾಟುವುದು ಮಾಮೂಲು. ವಿಶ್ವವಿದ್ಯಾಲಯದ ಹೆಸರು ನೋಡುವಾಗ ಊರಿನ ಬಾಡಿಗೆಯನ್ನೂ ನೋಡಿ.

ಪ್ರಶ್ನೆ: ವೀಸಾ ತಿರಸ್ಕಾರವಾದರೆ ‘ರಿಮಾನ್‌ಸ್ಟ್ರೇಷನ್’ ಬರೆಯಬಹುದೆಂದು ಯೂಟ್ಯೂಬಿನಲ್ಲಿ ಹೇಳುತ್ತಾರೆ.
– ಓದುಗ, ಬೆಳಗಾವಿ

ಆ ವಿಡಿಯೊ ಹಳೆಯದು. ಉಚಿತವಾಗಿ ಮರುಪರಿಶೀಲನೆ ಕೇಳುವ ಆ ದಾರಿಯನ್ನು ಜರ್ಮನಿ 2025ರ ಜುಲೈ 1ರಿಂದ ಎಲ್ಲ ದೇಶಗಳಲ್ಲೂ ಮುಚ್ಚಿದೆ. ಈಗ ಇರುವುದು ಎರಡೇ: ಕೊರತೆ ಸರಿಪಡಿಸಿ ಹೊಸ ಅರ್ಜಿ ಹಾಕುವುದು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗುವುದು. ಮೊದಲನೆಯದೇ ವಾಸಿ.

ಪ್ರಶ್ನೆ: ಕೋಣೆ ಇಲ್ಲಿಂದಲೇ ಗೊತ್ತುಮಾಡಬೇಕೇ, ಹೋದ ಮೇಲೆ ಹುಡುಕಬಹುದೇ? ಒಬ್ಬರು ಮುಂಗಡ ಕಳಿಸಿದರೆ ಕೀಲಿಯನ್ನು ಕೊರಿಯರ್ ಮಾಡುತ್ತೇವೆ ಎನ್ನುತ್ತಿದ್ದಾರೆ. ಹೋದ ಮೊದಲ ವಾರ ಏನೇನು ಮಾಡಬೇಕು?
– ಇಬ್ಬರು ಗೆಳೆಯರು, ಮೈಸೂರು

ಕೀಲಿ ಕೊರಿಯರ್ ಮಾಡುವವರಿಗೆ ಒಂದು ಪೈಸೆಯೂ ಕಳಿಸಬೇಡಿ. ಮನೆಯ ಮಾಲೀಕ ಲಂಡನ್ನಿನಲ್ಲಿದ್ದಾನೆ, ಚಿತ್ರಗಳು ಹೋಟೆಲಿನಂತಿವೆ, ಬಾಡಿಗೆ ಊರಿಗಿಂತ ಅಗ್ಗ, ಪಾಸ್‌ಪೋರ್ಟಿನ ಪ್ರತಿ ಮೊದಲೇ ಕೇಳುತ್ತಾನೆ – ಇವು ಮೋಸದ ಹಳೆಯ ಗುರುತುಗಳು. ನಿಜವಾದ ಮುಂಗಡಕ್ಕೆ ಕಾನೂನಿನ ಮಿತಿಯೂ ಇದೆ. ಅದು ‘ಕಾಲ್ಟ್‌ಮೀಟ’, ಅಂದರೆ ಹೀಟರ್, ನೀರು ಸೇರದ ಬರಿಯ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಮೂರು ಕಂತಿನಲ್ಲಿ ಕಟ್ಟಲು ಬಾಡಿಗೆದಾರನಿಗೆ ಹಕ್ಕಿದೆ.

ವಿದ್ಯಾರ್ಥಿನಿಲಯಗಳನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ, ‘ಷ್ಟುಡೀರೆಂಡನ್‌ವೆರ್ಕ್’ ಎಂಬ ಪ್ರತ್ಯೇಕ ಸಂಸ್ಥೆ. ಪ್ರವೇಶ ಸಿಕ್ಕಿದ ಕೂಡಲೇ ಅಲ್ಲಿಗೆ ಅರ್ಜಿ ತಾನೇ ಹೋಗುತ್ತದೆ ಎಂದುಕೊಂಡು ಕೂತವರು ಸೆಪ್ಟೆಂಬರ್‌ನಲ್ಲಿ ಪೇಚಿಗೆ ಸಿಲುಕುತ್ತಾರೆ. ಅರ್ಜಿ ನೀವೇ ಹಾಕಬೇಕು. ಕೆಲವು ಊರುಗಳಲ್ಲಿ ಪ್ರವೇಶ ಪತ್ರಕ್ಕೆ ಮುಂಚೆಯೇ ಸರದಿಗೆ ಹೆಸರು ಸೇರಿಸಬಹುದು. ಸಿಗದಿದ್ದರೆ ಒಂದೆರಡು ತಿಂಗಳಿಗೆ ಯಾರಾದರೂ ರಜೆಗೆ ಹೋಗುವವರ ಕೋಣೆಯನ್ನು ಒಳಬಾಡಿಗೆಗೆ ಹಿಡಿಯಿರಿ. ಆದರೆ ಹಿಡಿಯುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಇಲ್ಲಿ ಅನ್‌ಮೆಲ್ಡುಂಗ್ ಮಾಡಬಹುದೇ?’

ಅನ್‌ಮೆಲ್ಡುಂಗ್ ಅಂದರೆ ಈ ವಿಳಾಸದಲ್ಲಿ ವಾಸಿಸುತ್ತೇನೆ ಎಂದು ನಗರದ ಕಚೇರಿಯಲ್ಲಿ ನೋಂದಾಯಿಸುವುದು. ಮನೆ ಸೇರಿದ ಎರಡು ವಾರದೊಳಗೆ ಆಗಬೇಕು. ಅದಕ್ಕೆ ಪಾಸ್‌ಪೋರ್ಟ್ ಜೊತೆಗೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಪುಟದ ದೃಢೀಕರಣ ಬೇಕು. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ, ಆ ನಿರ್ದಿಷ್ಟ ಪತ್ರವೇ ಬೇಕು. ಹೋಟೆಲು, ಪ್ರವಾಸಿ ತಂಗುದಾಣದವರು ಸಾಮಾನ್ಯವಾಗಿ ಕೊಡುವುದಿಲ್ಲ. ಮೂಲ ಮಾಲೀಕನಿಗೆ ತಿಳಿಸದೆ ಕೋಣೆ ಕೊಟ್ಟವನೂ ಕೊಡಲಾರ.

ಇದು ಯಾಕಿಷ್ಟು ಮುಖ್ಯವೆಂದರೆ ಮುಂದಿನದೆಲ್ಲ ಇದಕ್ಕೇ ನೇತುಬಿದ್ದಿದೆ. ನೋಂದಣಿಯಾದರೆ ತೆರಿಗೆ ಸಂಖ್ಯೆ ಕೆಲವು ವಾರದಲ್ಲಿ ಅಂಚೆಯಲ್ಲಿ ಬರುತ್ತದೆ. ಅದಿಲ್ಲದೆ ಕೆಲಸಕ್ಕೆ ಸೇರಿದರೆ ಅತಿ ಹೆಚ್ಚು ಕಡಿತವಿರುವ ಆರನೇ ತೆರಿಗೆ ವರ್ಗಕ್ಕೆ ಹಾಕುತ್ತಾರೆ. ಬಹಳಷ್ಟು ಬ್ಯಾಂಕುಗಳು ನೋಂದಣಿಯ ಪತ್ರ ಕೇಳುತ್ತವೆ, ಬ್ಯಾಂಕ್ ಖಾತೆಯಿಲ್ಲದೆ 992 ಬರುವುದಿಲ್ಲ. ವಿದೇಶಿಯರ ಕಚೇರಿಯೂ ನಿಮ್ಮ ನಿವಾಸ ಪರವಾನಗಿಯ ಅರ್ಜಿ ತೆಗೆದುಕೊಳ್ಳುವುದು ಆ ವಿಳಾಸದ ಮೇಲೆಯೇ.

ದೊಡ್ಡ ಊರುಗಳಲ್ಲಿ ಅನ್‌ಮೆಲ್ಡುಂಗ್‌ಗೆ ಸಮಯ ಸಿಗುವುದೇ ಕಷ್ಟ. ವಿಮಾನದ ಟಿಕೆಟ್ ಆದ ಕೂಡಲೇ ಇಲ್ಲಿಂದಲೇ ಆನ್‌ಲೈನಿನಲ್ಲಿ ಸಮಯ ಕಾಯ್ದಿರಿಸಿ. ಸಿಗದಿದ್ದರೆ ಬೆಳಿಗ್ಗೆ ಏಳು, ಎಂಟು ಗಂಟೆಯ ಸುಮಾರಿಗೆ ಪುಟ ತೆರೆದು ನೋಡಿ, ರದ್ದಾದ ಸಮಯಗಳು ಆಗ ಕಾಣಿಸಿಕೊಳ್ಳುತ್ತವೆ. ನಗರದ ಯಾವ ಬಡಾವಣೆಯ ಕಚೇರಿಯಾದರೂ ಸಾಮಾನ್ಯವಾಗಿ ನಡೆಯುತ್ತದೆ.

ಎಲ್ಲಕ್ಕಿಂತ ಮೊದಲು, ಕೋಣೆ ಸೇರಿದ ದಿನವೇ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಮನೆ ಸಂಖ್ಯೆ ಸಾಲದು, ಹೆಸರು ಕಾಣದಿದ್ದರೆ ಅಂಚೆಯವರು ಪತ್ರ ಹಿಂದಕ್ಕೆ ಒಯ್ಯುತ್ತಾರೆ. ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್, ವಿಮೆ ಕಾರ್ಡು ಎಲ್ಲ ಹೀಗೆ ಮರಳಿ ಹೋಗಿ, ಕಾರಣ ತಿಳಿಯದೆ ತಿಂಗಳು ಕಾಯುವವರಿದ್ದಾರೆ.

ಪ್ರಶ್ನೆ: ಮಗಳಿಗೆ ಸಾರಿನ ಪುಡಿ, ತುಪ್ಪ, ಕರಿಬೇವು, ಕೊಬ್ಬರಿ ಎಲ್ಲ ಕಟ್ಟಿಕೊಡಬೇಕೆಂದಿದ್ದೇನೆ. ಕುಕ್ಕರ್, ಮಿಕ್ಸಿ ಒಯ್ಯಬಹುದೇ?
– ತಾಯಿ, ಶಿರಸಿ

ಅಮ್ಮ, ಸಾರಿನ ಪುಡಿ, ಸಾಂಬಾರ್ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಬ್ಯಾಡಗಿ ಮೆಣಸು ಧಾರಾಳವಾಗಿ ಕಟ್ಟಿ. ಹುಣಸೆ ತೊಕ್ಕು, ಗೊಜ್ಜು, ಉಪ್ಪಿನಕಾಯಿ ಕೂಡ ಸರಿ, ಆದರೆ ದೊಡ್ಡ ಪೆಟ್ಟಿಗೆಯಲ್ಲಿ ಮಾತ್ರ. ಕೈಚೀಲದಲ್ಲಿಟ್ಟರೆ ಅವನ್ನೆಲ್ಲ ದ್ರವ ಎಂದೇ ಲೆಕ್ಕ ಹಿಡಿದು 100 ಮಿ.ಲೀ. ಮೀರಿದ್ದನ್ನು ಎತ್ತಿಡುತ್ತಾರೆ.

ತುಪ್ಪ ಬೇಡ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಐರೋಪ್ಯ ಒಕ್ಕೂಟಕ್ಕೆ ತರುವಂತಿಲ್ಲ. ಖೋವಾ, ಹಾಲಿನ ಪುಡಿಗೂ ಇದೇ ನಿಯಮ. ಅಲ್ಲಿ ಎಲ್ಲ ಅಂಗಡಿಯಲ್ಲೂ ‘ಬುಟರ್‌ಷ್ಮಾಲ್ಟ್ಸ್’ ಎಂದು ತುಪ್ಪವೇ ಸಿಗುತ್ತದೆ. ಹಸಿ ಕರಿಬೇವೂ ಬೇಡ. ನಿಂಬೆ ಜಾತಿಯ ಗಿಡಗಳ ರೋಗ ಅದರ ಜೊತೆ ಬರುತ್ತದೆ ಎಂದು ಸುಂಕದವರು ತೆಗೆದು ಬಿಸಾಡುತ್ತಾರೆ. ಮಾವಿನ ಹಣ್ಣು, ವೀಳ್ಯದೆಲೆಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತಮಾಷೆಯೆಂದರೆ ತೆಂಗಿನಕಾಯಿ, ಬಾಳೆಹಣ್ಣಿಗೆ ಈ ಕಟ್ಟುಪಾಡಿಲ್ಲ. ಆದರೆ ಒಣಕೊಬ್ಬರಿಗೆ ಬೇರೆಯದೇ ತಕರಾರು: ಅದರ ಎಣ್ಣೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಯುಎನ್ 1363 ಎಂಬ ಸಂಖ್ಯೆಯಡಿ ಅದು ಸೇರಿದೆ. ಬೆಂಗಳೂರಿನಲ್ಲೇ ಪೆಟ್ಟಿಗೆ ತೆರೆಸುತ್ತಾರೆ. ಮಗಳು ದುಬೈ ಮೇಲೆ ಹೋಗುವುದಾದರೆ ಗಸಗಸೆಯನ್ನಂತೂ ಮರೆತೂ ಇಡಬೇಡಿ, ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ.

ಕುಕ್ಕರ್ ಒಯ್ಯಲಿ, ಆದರೆ ಇಂಡಕ್ಷನ್ ತಳದ ಸ್ಟೀಲಿನದು. ಅಲ್ಲಿನ ಒಲೆಗಳಲ್ಲಿ ಸುರುಳಿಯದು, ಗಾಜಿನ ಮೇಲ್ಮೈಯದು, ಇಂಡಕ್ಷನ್ ಹೀಗೆ ಮೂರು ಬಗೆ. ಸ್ಟೀಲು ಮೂರಕ್ಕೂ ಆಗುತ್ತದೆ, ಬರಿಯ ಅಲ್ಯುಮಿನಿಯಂ ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ. ಮೂರು ಲೀಟರಿನದು ಸಾಕು. ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಇಡಿ. ಮಿಕ್ಸಿಗೆ ವಿದ್ಯುತ್ತಿನ ತೊಂದರೆಯಿಲ್ಲ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬೇರೆ. ಮೂರು ಪಿನ್ನು ಹಿಡಿಯುವ, ಪಕ್ಕದಲ್ಲಿ ಅರ್ಥಿಂಗ್‌ನ ಲೋಹದ ಪಟ್ಟಿ ಇರುವ ಅಡಾಪ್ಟರ್ ಕೊಳ್ಳಿ. ಫೋನಿಗೆಂದು ಮಾರುವ ತೆಳ್ಳನೆಯ ಅಡಾಪ್ಟರಿನಲ್ಲಿ ಮಿಕ್ಸಿ ಓಡಿಸಿದರೆ ಅದು ಕರಗುತ್ತದೆ.

ಅಕ್ಕಿ, ತೊಗರಿಬೇಳೆ, ರಾಗಿ ಹಿಟ್ಟು ಹೊರುವ ಅಗತ್ಯವಿಲ್ಲ. ಇಂಡಿಯನ್ ಅಂಗಡಿ ಇರುವ ಊರಲ್ಲಿ ಸೋನಾ ಮಸೂರಿಯೂ ಸಿಗುತ್ತದೆ. ಆ ತೂಕಕ್ಕೆ ಉಣ್ಣೆಯ ಒಳಬಟ್ಟೆ, ಮಾಮೂಲಿ ಔಷಧಿ ಇಡಿ; ಔಷಧಿಗೆ ವೈದ್ಯರ ಚೀಟಿ ಇರಲಿ, ಮೂರು ತಿಂಗಳಿನ ಬಳಕೆ ಮೀರದಿರಲಿ.

ಮಗಳಿಗೆ ಒಂದನ್ನು ಹೇಳಿ ಕಳಿಸಿ. ಹಾಸ್ಟೆಲ್ ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆ ಎದ್ದರೆ ಕಿಟಕಿ ತೆರೆಯಬೇಕು, ಬಾಗಿಲನ್ನಲ್ಲ. ಕಾರಿಡಾರಿನ ಹೊಗೆ ಸಂವೇದಕ ಬಹಳ ಕಡೆ ನೇರವಾಗಿ ಅಗ್ನಿಶಾಮಕ ದಳಕ್ಕೆ ಜೋಡಣೆಯಾಗಿರುತ್ತದೆ. ಬಾಗಿಲು ತೆರೆದು ಹೊಗೆ ಹೊರಬಿಟ್ಟರೆ ಕೆಂಪು ಗಾಡಿ ಬರುತ್ತದೆ, ಸುಳ್ಳು ಕರೆಯ ಬಿಲ್ಲೂ ಹಿಂದೆಯೇ ಬರಬಹುದು. ಮೆಣಸಿನಕಾಯಿಯನ್ನು ಎಣ್ಣೆ ಹೊಗೆಯಾಡುವ ಮೊದಲೇ ಹಾಕಿ, ಮುಚ್ಚಳ ಮುಚ್ಚಿದರೆ ಆಯಿತು.

ಪ್ರಶ್ನೆ: ವಯಸ್ಸು 31. ಏಜೆಂಟರೊಬ್ಬರು ತಿಂಗಳಿಗೆ 35 ಯೂರೊಗೆ ಆರೋಗ್ಯ ವಿಮೆ ಇದೆ ಎನ್ನುತ್ತಾರೆ. ತಮ್ಮನಿಗೂ ಅದನ್ನೇ ಕೊಡಿಸಲೇ? ಅವನಿಗೆ 23.
– ಓದುಗ, ಕಲಬುರಗಿ

ನಿಮ್ಮ ಮತ್ತು ತಮ್ಮನ ದಾರಿ ಬೇರೆ ಬೇರೆ. ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರ 30 ತುಂಬುವವರೆಗೆ ಮಾತ್ರ. ನೀವು ಖಾಸಗಿಯದನ್ನೇ ನೋಡಬೇಕು, ಮತ್ತು 35 ಯೂರೊದ್ದು ಸಾಮಾನ್ಯವಾಗಿ ಪ್ರವಾಸಿ ವಿಮೆಯ ಇನ್ನೊಂದು ರೂಪ. ಹಳೆಯ ಕಾಯಿಲೆ, ದೀರ್ಘ ಚಿಕಿತ್ಸೆಗೆ ಸಿಗುವುದಿಲ್ಲ. ವಿದೇಶಿಯರ ಕಚೇರಿ ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಂಡೇ ಹಣ ಕಟ್ಟಿ.

ತಮ್ಮನಿಗೆ ಖಂಡಿತ ಬೇಡ. ಅವನು ಸಾರ್ವಜನಿಕ ವಿಮೆ ತೆಗೆದುಕೊಳ್ಳಲಿ, ತಿಂಗಳಿಗೆ 140ರಿಂದ 160 ಯೂರೊ. ಒಮ್ಮೆ ‘ನನಗೆ ಬೇಡ’ ಎಂದು ವಿನಾಯಿತಿ ಬರೆದುಕೊಟ್ಟರೆ ಓದು ಮುಗಿಯುವವರೆಗೆ ಮತ್ತೆ ಒಳಗೆ ಬರಲಾಗದು. ವಿಮೆ ಇದೆಯೆಂಬ ಮಾಹಿತಿಯನ್ನು ಕಂಪನಿಯೇ ವಿಶ್ವವಿದ್ಯಾಲಯಕ್ಕೆ ‘ಎಂ10’ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಮೂಲಕ ಕಳಿಸಬೇಕು; ಆ ಶಬ್ದವನ್ನೇ ಬಳಸಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ಈ ವಿಮೆ ಶುರುವಾಗುವುದು ಸೆಮಿಸ್ಟರ್ ಅಥವಾ ನೋಂದಣಿಯಿಂದ. ಸೆಪ್ಟೆಂಬರ್ ಮಧ್ಯದಲ್ಲೇ ಹೋಗುವವನಿಗೆ ನಡುವಿನ ದಿನಗಳಿಗೆ ಪ್ರವಾಸಿ ವಿಮೆ ಪ್ರತ್ಯೇಕವಾಗಿ ಬೇಕು.

ಪ್ರಶ್ನೆ: ವಿಶ್ವವಿದ್ಯಾಲಯ ಕೊಡುವ ಸೆಮಿಸ್ಟರ್ ಟಿಕೆಟ್ ಇದ್ದರೆ ಎಲ್ಲ ರೈಲೂ ಹತ್ತಬಹುದೇ?
– ವಿದ್ಯಾರ್ಥಿ, ಬ್ರೌನ್‌ಷ್ವೈಗ್‌ಗೆ ಹೊರಟವರು

ಇಲ್ಲ. ಐಸಿಇ, ಐಸಿ, ಇಸಿ ಎಂದು ಬರೆದಿರುವ ದೂರದ ರೈಲುಗಳನ್ನು ಬಿಟ್ಟು, ಆರ್‌ಇ, ಆರ್‌ಬಿ ಎಂಬ ಪ್ರಾದೇಶಿಕ ರೈಲು, ಎಸ್-ಬಾನ್ ಎಂಬ ಉಪನಗರ ರೈಲು, ಮೆಟ್ರೊ, ಟ್ರಾಮ್, ಸಿಟಿ ಬಸ್ಸು ಎಲ್ಲವೂ ಸರಿ. ಮೊದಲು ನಿಮ್ಮ ವಿಶ್ವವಿದ್ಯಾಲಯದ್ದು ಇಡೀ ಜರ್ಮನಿಯ ಟಿಕೆಟೋ, ಆ ಪ್ರದೇಶದ್ದು ಮಾತ್ರವೋ ನೋಡಿ. ಎರಡೂ ಬಗೆ ಇವೆ. ಹೊರಗೆ ಕೊಳ್ಳುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಅದು ಚಂದಾ ಲೆಕ್ಕದ್ದು. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಇದೇ ಟಿಕೆಟಿನಲ್ಲಿ ಗಡಿಯಾಚೆಯ ಸಾಲ್ಸ್‌ಬುರ್ಗ್‌ವರೆಗೂ, ಬಾಸೆಲ್‌ನ ಬಾಡಿಶರ್ ಬಾನ್‌ಹೋಫ್‌ವರೆಗೂ ಹೋಗಿ ಬರಬಹುದು.

ಹೊಸಬರನ್ನು ಕಾಡುವುದು ಸೀಳಿಕೊಳ್ಳುವ ರೈಲು. ಒಂದೇ ರೈಲು ಎಂದು ಹತ್ತುತ್ತೀರಿ, ನಡುವಿನ ನಿಲ್ದಾಣದಲ್ಲಿ ಮುಂದಿನ ಅರ್ಧ ಒಂದೂರಿಗೆ, ಹಿಂದಿನ ಅರ್ಧ ಇನ್ನೊಂದೂರಿಗೆ ಹೊರಡುತ್ತದೆ. ಪ್ಲಾಟ್‌ಫಾರಂ ಫಲಕದಲ್ಲಿ ಎ, ಬಿ, ಸಿ ಎಂಬ ವಿಭಾಗಗಳ ಪಕ್ಕ ಊರಿನ ಹೆಸರಿರುತ್ತದೆ; ಬೋಗಿಯ ಒಳಗಿನ ಪರದೆಯಲ್ಲೂ ಮತ್ತೊಮ್ಮೆ ನೋಡಿ.

ದೂರ ಹೋಗುವಾಗ ಮೊದಲೇ ಕೊಂಡ ಅಗ್ಗದ ಟಿಕೆಟ್ ಒಂದೇ ರೈಲಿಗೆ ಕಟ್ಟಿಕೊಂಡಿರುತ್ತದೆ. ಆದರೆ ತಲುಪುವುದು 20 ನಿಮಿಷಕ್ಕಿಂತ ತಡವಾಗುತ್ತದೆ ಎಂದು ಕಂಡುಬಂದರೆ ಆ ಕಟ್ಟು ಬಿಚ್ಚುತ್ತದೆ, ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಹಣದ ಕಾಲುಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್. ಮೂರು ತಿಂಗಳೊಳಗೆ ಆ್ಯಪಿನಲ್ಲೇ ಕೇಳಿ. ಇದು ಇಡೀ ದಾರಿಯನ್ನು ಒಂದೇ ಟಿಕೆಟಿನಲ್ಲಿ ಕೊಂಡವರಿಗೆ. ತುಂಡು ತುಂಡಾಗಿ ಕೊಂಡರೆ ತಪ್ಪಿದ ಜೋಡಣೆ ನಿಮ್ಮ ಹಣೆಬರಹ. ಊರಿಗೆ ಬರುವ ವಿಮಾನ ಹಿಡಿಯಲು ಫ್ರಾಂಕ್‌ಫರ್ಟಿಗೆ ಹೋಗುವಾಗ ಸರಿಹೋಗುವ ರೈಲಿಗಿಂತ ಒಂದು ರೈಲು ಮುಂಚಿನದನ್ನು ಹಿಡಿಯಿರಿ. ಜರ್ಮನ್ ರೈಲು ಗಡಿಯಾರದಂತೆ ಎಂದು ನಂಬಿ ಹೋದವರು ಬೇಗ ಪಾಠ ಕಲಿಯುತ್ತಾರೆ.

ಪ್ರಶ್ನೆ: ಡಿಸೆಂಬರಿನಲ್ಲಿ ಪ್ಯಾರಿಸ್, ಜ್ಯೂರಿಕ್, ಲಂಡನ್ ನೋಡಬೇಕೆಂದಿದೆ. ಫೆಬ್ರವರಿಯಲ್ಲಿ ಅಕ್ಕನ ಮದುವೆ, ಅಷ್ಟರಲ್ಲಿ ವೀಸಾ ಮುಗಿಯುತ್ತದೆ.
– ವಿದ್ಯಾರ್ಥಿನಿ, ಡ್ರೆಸ್ಡೆನ್

ಪ್ಯಾರಿಸ್, ಜ್ಯೂರಿಕ್ ಸರಿ. ನಿಮ್ಮ ಡಿ ವೀಸಾ (ದೀರ್ಘಾವಧಿಯದು) ಚಾಲ್ತಿಯಲ್ಲಿರುವಾಗ, ಇಲ್ಲವೇ ನಿವಾಸ ಪರವಾನಗಿ ಕೈಗೆ ಬಂದ ಮೇಲೆ, ಒಂದೇ ವೀಸಾ ವ್ಯವಸ್ಥೆಯ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನದಲ್ಲಿ 90 ದಿನ ಓಡಾಡಬಹುದು. ಸ್ವಿಟ್ಜರ್ಲೆಂಡ್ ಷೆಂಗೆನ್ ಒಳಗಿದೆ. ಲಂಡನ್ನಿಗೆ ಬ್ರಿಟನ್ನಿನ ಪ್ರತ್ಯೇಕ ವೀಸಾ ಬೇಕು. ಪಾಸ್‌ಪೋರ್ಟನ್ನು ಕೋಣೆಯಲ್ಲಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿಯ ಎಲ್ಲ ಭೂಗಡಿಗಳಲ್ಲೂ ತಪಾಸಣೆ ನಡೆಯುತ್ತಿದೆ, ಬಸ್ಸಿನಲ್ಲಿ ಹೆಚ್ಚು.

ಮದುವೆಯ ವಿಷಯ ನಾಜೂಕಿನದು. ವೀಸಾ ಮುಗಿಯುವ ಮುಂಚೆ ನಿವಾಸ ಪರವಾನಗಿಗೆ ಅರ್ಜಿ ಹಾಕಿದ್ದು, ಕಾರ್ಡು ಬಂದಿಲ್ಲವಾದರೆ ‘ಫಿಕ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ಮಡಿಚಿದ ಕಾಗದ ಕೊಡುತ್ತಾರೆ. ಅದರೊಳಗೆ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆಂದು ನೋಡಿ. ನಿವಾಸ ಕಾಯ್ದೆಯ ಪರಿಚ್ಛೇದ 81ರ ಉಪವಿಧಿ 4 ಆದರೆ ಊರಿಗೆ ಹೋಗಿ ಮರಳಬಹುದು. ಉಪವಿಧಿ 3 ಆದರೆ ಹೋದರೆ ಹೊಸ ವೀಸಾ ಇಲ್ಲದೆ ಮರಳಲಾಗದು. 4 ಇದ್ದರೂ ವಿಮಾನ ಕಂಪನಿಯ ಕೌಂಟರಿನವರು ಆ ಕಾಗದವನ್ನು ಕಂಡಿರುವುದಿಲ್ಲ, ಹತ್ತಿಸಲು ಹಿಂಜರಿಯುತ್ತಾರೆ. ಮೂರನೆಯ ದೇಶದಲ್ಲಿ ವಿಮಾನ ಬದಲಿಸುವುದಕ್ಕಿಂತ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ನೇರ ವಿಮಾನ ಹಿಡಿದರೆ ಕಿರಿಕಿರಿ ಕಡಿಮೆ. ಅರ್ಜಿಯನ್ನು ನವೆಂಬರಿನಲ್ಲೇ ಹಾಕಿ, ಪ್ರಯಾಣದ ಟಿಕೆಟ್ಟನ್ನೂ ಲಗ್ನಪತ್ರಿಕೆಯನ್ನೂ ಲಗತ್ತಿಸಿ ಮೇಲ್ ಮಾಡಿ.

ಪ್ರಶ್ನೆ: ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು? ಬೆಂಗಳೂರಿನ ನನ್ನ ಹಳೆಯ ಕಂಪನಿ ರಿಮೋಟ್ ಕೆಲಸ ಕೊಡುತ್ತೇನೆ ಎನ್ನುತ್ತಿದೆ.
– ಓದುಗ, ಬೆಂಗಳೂರು

2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ನಾಲ್ಕು ಗಂಟೆಯವರೆಗೆ ಅರ್ಧ ದಿನ. ಪಾಠಗಳು ನಡೆಯುವಾಗ ವಾರಕ್ಕೆ 20 ಗಂಟೆಯೊಳಗೆ ದುಡಿಯುವ ವಿದ್ಯಾರ್ಥಿ, ಅಂದರೆ ‘ವೆರ್ಕ್‌ಷ್ಟುಡೆಂಟ್’ ಆಗಿದ್ದರೆ ಆ ವಾರವನ್ನು ಎರಡೂವರೆ ದಿನವೆಂದು ಹಿಡಿಯಬಹುದು. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ, ಅಲ್ಲಿ ‘ಹಿವಿ’ ಎನ್ನುತ್ತಾರೆ, ಈ ದಿನಗಳ ಲೆಕ್ಕಕ್ಕೆ ಬರುವುದಿಲ್ಲ. ಸಿಕ್ಕರೆ ಅದೇ ಮೊದಲು. ಕನಿಷ್ಠ ಕೂಲಿ 2026ರಲ್ಲಿ ಗಂಟೆಗೆ 13.90 ಯೂರೊ, ಸಣ್ಣ ಅರೆಕಾಲಿಕ ಕೆಲಸವಾದ ಮಿನಿಜಾಬ್‌ನ ಗಳಿಕೆಯ ಮಿತಿ ತಿಂಗಳಿಗೆ 603.

ರಿಮೋಟ್ ಕೆಲಸಕ್ಕೂ ಇದೇ ಕಟ್ಟು. ಸಂಬಳ ರೂಪಾಯಿಯಲ್ಲಿ ಬಂದರೂ ನೀವು ಕೂತು ದುಡಿಯುವ ಜಾಗ ಜರ್ಮನಿ. ಫ್ರೀಲಾನ್ಸ್ ಎಂದು ಬಿಲ್ ಮಾಡುವುದಾದರೆ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿಯಿಲ್ಲದೆ ಮಾಡಲೇಬೇಡಿ. ಸ್ವತಂತ್ರ ಗುತ್ತಿಗೆದಾರ ಎಂದು ಸಹಿ ಹಾಕಿಸಿಕೊಳ್ಳುವ ಡೆಲಿವರಿ ಕೆಲಸವೂ ಇದರಡಿಯೇ ಬರುತ್ತದೆ. ಸಂಬಳದಲ್ಲಿ ತೆರಿಗೆ ಹಿಡಿದಿದ್ದರೆ, ವರ್ಷದ ತೆರಿಗೆ ಬೀಳುವ ಆದಾಯ 2026ಕ್ಕೆ 12,348 ಯೂರೊ ಮೀರದಿದ್ದವರಿಗೆ ರಿಟರ್ನ್ ಹಾಕಿದಾಗ ಅದು ಮರಳಿ ಬರುತ್ತದೆ. ನಾಲ್ಕು ವರ್ಷದವರೆಗೆ ಹಾಕಬಹುದು.

ಪ್ರಶ್ನೆ: ಟಿ.ವಿ.ಯೇ ಇಲ್ಲ, ಪ್ರಸಾರದ ಶುಲ್ಕ ಕಟ್ಟಿ ಎಂದು ಪತ್ರ ಬಂದಿದೆ. ಮೋಸವೇ?
– ವಿದ್ಯಾರ್ಥಿ, ಆಖೆನ್

ಮೋಸವಲ್ಲ. ‘ರುಂಡ್‌ಫುಂಕ್‌ಬೈಟ್ರಾಗ್’, ತಿಂಗಳಿಗೆ 18.36 ಯೂರೊ, ಟಿ.ವಿ. ಇರಲಿ ಬಿಡಲಿ ಮನೆಗೊಂದು. ನಾಲ್ವರು ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿ, ಉಳಿದವರು ಅವರ ಸಂಖ್ಯೆಯನ್ನು ಬರೆದು ಕಳಿಸಿದರೆ ಸಾಕು. ಹಾಸ್ಟೆಲಿನಲ್ಲಿ ಕೋಣೆಯ ಬಾಗಿಲು ಎಲ್ಲರೂ ಓಡಾಡುವ ಕಾರಿಡಾರಿಗೆ ತೆರೆದರೆ ಆ ಕೋಣೆಯೇ ಒಂದು ಮನೆ. ಪತ್ರ ಕಸದಬುಟ್ಟಿಗೆ ಹಾಕಿದರೆ ಬಾಕಿ, ದಂಡ ಸೇರಿ ಬೆಳೆಯುತ್ತದೆ.

ಪ್ರಶ್ನೆ: ಒಂದು ವಿಷಯದಲ್ಲಿ ಎರಡು ಸಲ ಫೇಲಾಗಿದ್ದೇನೆ. ನಮ್ಮಲ್ಲಿ ಬ್ಯಾಕ್‌ಲಾಗ್ ಇದ್ದಂತೆ ಇಲ್ಲೂ ಮುಂದೆ ಬರೆದುಕೊಳ್ಳಬಹುದಲ್ಲ?
– ಹೆಸರು ಬೇಡ

ಇಲ್ಲ, ಮತ್ತು ಇದನ್ನು ಈ ವಾರವೇ ಗಂಭೀರವಾಗಿ ತೆಗೆದುಕೊಳ್ಳಿ. ಬಹಳಷ್ಟು ಕೋರ್ಸುಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ‘ಶಾಶ್ವತವಾಗಿ ಅನುತ್ತೀರ್ಣ’ ಎಂದು ದಾಖಲಾಗಿ ಹೆಸರು ತೆಗೆಯುತ್ತಾರೆ, ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಓದಲು ಬಿಡುವುದಿಲ್ಲ. ಓದು ನಿಂತರೆ ನಿವಾಸ ಪರವಾನಗಿಯ ಆಧಾರವೂ ಹೋಗುತ್ತದೆ.

ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ ತೆರೆದು ಮೂರು ವಿಷಯ ಹುಡುಕಿ. ಮುಂದಿನ ಸೆಮಿಸ್ಟರಿನಲ್ಲೇ ಬರೆಯಲೇಬೇಕೇ, ತಡೆದು ಬರೆಯಬಹುದೇ? ಕೊನೆಯ ಪ್ರಯತ್ನ ಮೌಖಿಕ ಪರೀಕ್ಷೆಯೇ? ಹೆಸರು ಹಿಂದೆಗೆದುಕೊಳ್ಳುವ ಕೊನೆಯ ದಿನ ಯಾವುದು? ತಯಾರಿ ಸಾಲದಿದ್ದರೆ ಆ ದಿನದೊಳಗೆ ಹಿಂದೆಗೆಯಿರಿ. ಹಿಂದೆಗೆಯದೆ ಗೈರಾದರೆ ಅದೂ ಫೇಲೇ, ಅವಕಾಶ ಖರ್ಚಾಗುತ್ತದೆ. ಪರೀಕ್ಷೆಯ ದಿನ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ ಪ್ರಮಾಣಪತ್ರ ಪಡೆದು ಪರೀಕ್ಷಾ ಕಚೇರಿಗೆ ತಡಮಾಡದೆ ಕಳಿಸಿ. ಮರುದಿನದ ತಾರೀಖಿನ ಪತ್ರ ಎಷ್ಟೋ ಕಡೆ ನಡೆಯುವುದಿಲ್ಲ. ಹಿಂದಿನ ಎರಡು ಉತ್ತರ ಪತ್ರಿಕೆಗಳನ್ನು ನೋಡಲು ಪ್ರಾಧ್ಯಾಪಕರು ಒಂದು ದಿನ ಗೊತ್ತುಮಾಡಿರುತ್ತಾರೆ, ‘ಐನ್‌ಜಿಖ್ಟ್’ ಎನ್ನುತ್ತಾರೆ. ಅಲ್ಲಿಗೆ ಹೋಗಿ ಅಂಕ ಎಲ್ಲಿ ಹೋಯಿತೆಂದು ನೋಡಿಕೊಳ್ಳಿ. ಕೂಡಿಕೆಯ ತಪ್ಪು ಸಿಕ್ಕಿ ಪಾಸಾಗುವುದೂ ಉಂಟು. ವಿಭಾಗದ ವಿದ್ಯಾರ್ಥಿ ಸಂಘ, ‘ಫಾಖ್‌ಷಾಫ್ಟ್’, ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೂಡಿಟ್ಟಿರುತ್ತದೆ. ಅವುಗಳನ್ನು ಕೇಳಲು ಸಂಕೋಚ ಬೇಡ, ಅಲ್ಲಿ ಎಲ್ಲರೂ ಕೇಳುತ್ತಾರೆ.